ಘಟ್ಟದ ತಿರುವಿನಲ್ಲಿ ನಿಂತ ವ್ಯಾನು

ಶಿರಸಿಯ ಯಲ್ಲಾಪುರ ನಾಕೆಯಿಂದ ಸ್ವಲ್ಪ ಮುಂದೆ, ಟಯರ್ ಅಂಗಡಿಯ ಪಕ್ಕದಲ್ಲಿ ಜಯಾಳ ಆಟೋ ಎಲೆಕ್ಟ್ರಿಕಲ್ ಅಂಗಡಿಯಿದೆ. ಬೋರ್ಡಿನ ಮೇಲೆ ಈಗಲೂ ಗಂಡ ರಾಘುವಿನ ಹೆಸರೇ ಇದೆ. ಹಾರ್ನ್ ಕೂಗದಿದ್ದರೆ, ಸೆಲ್ಫ್ ಹೊಡೆಯದಿದ್ದರೆ, ಬ್ಯಾಟರಿ ಚಾರ್ಜ್ ಆಗದಿದ್ದರೆ ಜನ ಅಲ್ಲಿಗೆ ಹೋಗುತ್ತಾರೆ. ನನ್ನ ಹಳೆಯ ಸ್ಕೂಟರಿಗೂ ಅವಳೇ ಗತಿ. ಹೋದವರಿಗೆ ಮೊದಲು ಕಾಣುವುದು ಅವಳು ಕೂತಲ್ಲಿ ಕೂರುವವಳಲ್ಲ ಎಂಬುದು. ಒಂದು ವೈರು ಬೆಸೆದು ಮುಗಿಸುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ಹೊರಗೆ ನಿಂತ ಗಾಡಿಗಳನ್ನು ಎಣಿಸಿ ಬರುತ್ತಾಳೆ. ಗಿರಾಕಿ ಕೀಲಿಯನ್ನು ಗಾಡಿಯಲ್ಲೇ ಬಿಟ್ಟಿದ್ದರೆ ಮಾತಾಡದೆ ತೆಗೆದು ಅವರ ಕೈಗೆ ಕೊಡುತ್ತಾಳೆ.

ಮೊದಲು ಹೀಗಿರಲಿಲ್ಲ ಎಂದು ರಾಘು ಹೇಳುತ್ತಾನೆ. ಅವಳು ಹುಟ್ಟಿದ್ದು ಯಲ್ಲಾಪುರ ತಾಲೂಕಿನ ನಂದೊಳ್ಳಿಯಲ್ಲಿ, ಗದ್ದೆ ಮಾಡುವವರ ಮನೆಯಲ್ಲಿ. ಇಪ್ಪತ್ತೊಂದಕ್ಕೆ ದಾಸನಕೊಪ್ಪದ ರಾಘುವನ್ನು ಮದುವೆಯಾಗಿ ಶಿರಸಿಗೆ ಬಂದಳು. ಮಧ್ಯಾಹ್ನ ಅವನಿಗೆ ಊಟದ ಡಬ್ಬಿ ತರುತ್ತಿದ್ದವಳು, ಅವನು ಉಣ್ಣುವ ಹೊತ್ತಿನಲ್ಲಿ ಬೇಜಾರು ಕಳೆಯಲು ಸೆಲ್ಫ್ ಮೋಟಾರಿನ ತಾಮ್ರದ ತಂತಿ ಸುತ್ತಲು ಕಲಿತಳು. ತಂತಿ ಒಂದರ ಮೇಲೊಂದು ಏರದೆ ಒತ್ತಾಗಿ ಕೂರಬೇಕು. ಅವಳ ಬೆರಳು ಅದಕ್ಕೇ ಮಾಡಿದ ಹಾಗಿತ್ತು. ಎರಡು ವರ್ಷದಲ್ಲಿ ಡಬ್ಬಿ ಅವನೇ ಕಟ್ಟಿಕೊಂಡು ಬರುವಂತಾಯಿತು, ಅವಳು ಬೆಳಿಗ್ಗೆಯಿಂದಲೇ ಅಂಗಡಿಯಲ್ಲಿರುತ್ತಿದ್ದಳು.

ಏಳು ವರ್ಷದ ಹಿಂದೆ ಅವರ ಓಮ್ನಿ ಕಳುವಾಯಿತು. ಸಿದ್ದಾಪುರದಲ್ಲಿ ನೆಂಟರ ಮದುವೆ. ಹಾಲ್‌ನ ಎದುರು ನಿಲ್ಲಿಸಿ ಊಟ ಮುಗಿಸಿ ಬರುವಷ್ಟರಲ್ಲಿ ಗಾಡಿ ಇಲ್ಲ. ಒಳಗೆ ಅವರ ಸಾಮಾನಿನ ಪೆಟ್ಟಿಗೆಯೂ ಇತ್ತು. ಪೊಲೀಸರು ಬರೆದುಕೊಂಡರು, ಗಾಡಿ ಮಾತ್ರ ಸಿಗಲೇ ಇಲ್ಲ. ಅದಾಗಿ ಹದಿನೇಳನೇ ದಿನ ರಾಘುವಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋದವು. ಡಾಕ್ಟರು ರಕ್ತದೊತ್ತಡ ಎಂದರು, ವರ್ಷಗಳಿಂದ ಇದ್ದಿರಬೇಕು ಎಂದರು. ಜಯಾ ಅದನ್ನು ಕೇಳಿ ತಲೆಯಾಡಿಸಿದಳು, ಒಳಗೆ ಒಪ್ಪಲಿಲ್ಲ. ಅವಳ ಲೆಕ್ಕದಲ್ಲಿ ಗಾಡಿ ಹೋದದ್ದಕ್ಕೇ ಗಂಡ ಬಿದ್ದದ್ದು.

ರಾಘು ವರ್ಷದೊಳಗೆ ಎದ್ದು ನಡೆದಾಡಿದ. ಎಡಗೈ ಮಾತ್ರ ತೂಗಿಬಿದ್ದೇ ಉಳಿಯಿತು. ಮಾತು ಬಂತು, ಆದರೆ ದಪ್ಪಗೆ, ನಾಲಿಗೆ ಹೊರಳದ ಹಾಗೆ. ಹೊಸಬರಿಗೆ ಒಂದೇ ಸಲಕ್ಕೆ ತಿಳಿಯುವುದಿಲ್ಲ. ಅಂಗಡಿಯನ್ನು ಜಯಾ ಪೂರ್ತಿ ವಹಿಸಿಕೊಂಡಳು. ಅವನು ಸ್ಟೂಲಿನ ಮೇಲೆ ಕೂತು ಎಂಜಿನ್ನಿನ ಸದ್ದು ಕೇಳಿ ಎಲ್ಲಿ ತೊಂದರೆ ಎಂದು ಹೇಳುತ್ತಿದ್ದ, ಅವಳು ಬಿಚ್ಚುತ್ತಿದ್ದಳು.

ಅವನನ್ನು ಹೊರಗೆ ಕರೆದುಕೊಂಡು ಹೋಗಿ, ನಾಲ್ಕು ಜಾಗ ತೋರಿಸಿ ಎಂದು ಡಾಕ್ಟರು ಹೇಳುತ್ತಲೇ ಇದ್ದರು. ಬಸ್ಸಿನ ಮೆಟ್ಟಿಲು ಅವನಿಗೆ ಹತ್ತಲಾಗದು. ಎರಡು ತಾಸಿಗೊಮ್ಮೆ ಮಲಗಲೇಬೇಕು. ಹಾಗಾಗಿ ಜಯಾ ಒಂದು ಹಳೆಯ ಡೀಸೆಲ್ ವ್ಯಾನು ಕೊಂಡು ಅದನ್ನೇ ಕ್ಯಾಂಪರ್ ವ್ಯಾನ್ ಮಾಡಲು ಕೂತಳು. ಒಳಗೇ ಮಲಗಿ, ಅಲ್ಲೇ ಅಡುಗೆ ಮಾಡಿಕೊಂಡು ತಿರುಗುವ ಗಾಡಿ. ಅಂಗಡಿ ಬಾಗಿಲು ಹಾಕಿದ ಮೇಲೆ ದಿನಾ ಒಂದು ತಾಸು ಅದರ ಕೆಲಸ. ಒಂಬತ್ತು ತಿಂಗಳು ಹಿಡಿಯಿತು. ಹಿಂದೆ ಹಾಸಿಗೆ, ಅದಕ್ಕೊಂದು ನೀಲಿ ಪರದೆ, ಎರಡು ಒಲೆಯ ಸ್ಟೋವು, ನೀರಿನ ಟಾಕಿ, ಫ್ಯಾನು, ಮಾಡಿನ ಮೇಲೆ ಸೋಲಾರ್ ಹಲಗೆ. ಬಾಗಿಲಿನ ಕೆಳಗೆ ರಾಘುವಿನ ಕಾಲಿನ ಅಳತೆಗೆ ತಗ್ಗಾದ ಒಂದು ಮೆಟ್ಟಿಲು.

ಹಾಸಿಗೆ ಹಾಕುವ ಮೊದಲೇ ಅವಳು ಬೀಗ ಹಾಕಿದ್ದಳು. ಸ್ಟೇರಿಂಗಿಗೆ ಕಬ್ಬಿಣದ ಸರಳು, ಗೇರಿಗೆ ಬೀಗ, ಮುಂದಿನ ಚಕ್ರ ಉರುಳದಂತೆ ಕಚ್ಚಿ ಹಿಡಿಯುವ ಹಳದಿ ಹಿಡಿಕೆ, ಸೀಟಿನಡಿ, ಆರಿಸಿಟ್ಟರೆ ಗಾಡಿ ಸ್ಟಾರ್ಟೇ ಆಗದ ಒಂದು ಗುಟ್ಟಿನ ಸ್ವಿಚ್ಚು. ಇವೆಲ್ಲದರ ಮೇಲೆ, ಸಿಮ್ ಇರುವ ಒಂದು ಪುಟ್ಟ ಡಬ್ಬಿ. ಗಾಡಿ ಎಲ್ಲಿದೆ ಎಂದು ಮೊಬೈಲಿನಲ್ಲಿ ಚುಕ್ಕೆಯಾಗಿ ತೋರಿಸುತ್ತಿತ್ತು. ಅಂಥದ್ದು ಪೇಟೆಯಲ್ಲಿ ಯಾರು ಬೇಕಾದರೂ ಹಾಕಿಕೊಡುತ್ತಾರೆ. ಜಯಾ ಅದಕ್ಕೆ ಒಂದು ರಿಲೇ, ಅಂದರೆ ಕರೆಂಟು ಕಡಿದು ಕೂಡಿಸುವ ಸ್ವಿಚ್ಚು, ಜೋಡಿಸಿ, ಎಂಜಿನ್ನಿಗೆ ಡೀಸೆಲ್ ಬಿಡುವ ತಂತಿಗೆ ಕೊಟ್ಟಿದ್ದಳು. ಮೊಬೈಲಿನಲ್ಲಿ ಕೆಂಪು ಗುಂಡಿ ಒತ್ತಿದರೆ ಡೀಸೆಲ್ ನಿಲ್ಲುತ್ತದೆ, ಗಾಡಿ ಎಲ್ಲಿದ್ದರೂ ಅಲ್ಲೇ ಎಂಜಿನ್ ಸಾಯುತ್ತದೆ. ಹಸಿರು ಗುಂಡಿ ಒತ್ತಿದರೆ ಮತ್ತೆ ಬಿಡುತ್ತದೆ. ಅಂಗಡಿಯ ಮುಂದೆ ನಿಂತ ಗಾಡಿಯ ಮೇಲೆ ಹತ್ತಾರು ಸಲ ಪರೀಕ್ಷೆ ಮಾಡಿದ್ದಳು. ಕಂಡವರೆಲ್ಲ ತಮಗೂ ಬೇಕು ಎಂದರು. ಎರಡು ವರ್ಷದಲ್ಲಿ ಹನ್ನೊಂದು ಗಾಡಿಗಳಿಗೆ ಹಾಕಿಕೊಟ್ಟಳು.

ಗಾಡಿ ತಿರುಗಾಟಕ್ಕೆ ಹೊರಟಿತು. ಜಯಾ ತಿರುಗಲಿಲ್ಲ. ಸಹಸ್ರಲಿಂಗಕ್ಕೆ ಹೋದಾಗ ರಾಘು ಯಾರೋ ಪ್ರವಾಸಿಗರ ತೋಳು ಹಿಡಿದು ಹೊಳೆಗೆ ಇಳಿದ, ಅವಳು ಮೇಲೆ ವ್ಯಾನಿನ ಹತ್ತಿರ ನಿಂತಳು. ಬನವಾಸಿಯಲ್ಲಿ ಅವನೊಬ್ಬನೇ ದೇವಸ್ಥಾನ ಸುತ್ತಿ ಬಂದ. ಮಾಗೋಡಿನಲ್ಲಿ ಅವಳಿಗೆ ಜಲಪಾತದ ಸದ್ದು ಕೇಳಿಸಿತು, ಅಷ್ಟೇ. ಗಾಡಿಯ ಸುತ್ತ ಒಂದು ಸುತ್ತು, ಬಾಗಿಲು ಎಳೆದು ನೋಡುವುದು, ಸರಳು ಅಲ್ಲಾಡಿಸುವುದು, ಮತ್ತೊಂದು ಸುತ್ತು.

"ಹೊಳೇಲಿ ನೀರು ಎಷ್ಟಿತ್ತು?" ಎಂದು ವಾಪಸು ಬರುವಾಗ ಕೇಳಿದಳು.

"ನನ್ನ ಕೇಳ್ತೀಯಲ್ಲ. ನೀನೂ ಬಂದಿದ್ದೆ," ಎಂದ ರಾಘು.

ಈ ವರ್ಷದ ಫೆಬ್ರವರಿಯಲ್ಲಿ ಅವಳ ತಮ್ಮ ನಂದೊಳ್ಳಿಯಲ್ಲಿ ಹೊಸ ಮನೆ ಕಟ್ಟಿ ಪ್ರವೇಶಕ್ಕೆ ಕರೆದಿದ್ದ. ಎರಡು ದಿನ ಮೊದಲೇ ಹೊರಟರು. ಹೊರಡುವಾಗ ಅವಳು ಚಕ್ರದ ಹಿಡಿಕೆ ಹುಡುಕುತ್ತಾ ಇಡೀ ಮನೆ ತಡಕಾಡಿದ್ದು ನೋಡಿ ರಾಘು ಮೆಟ್ಟಿಲ ಮೇಲೆ ಕೂತುಬಿಟ್ಟ.

"ಇವತ್ತೊಂದು ದಿನ ಬೀಗದ ಮಾತು ಎತ್ತಬೇಡ. ಎತ್ತಿದ್ರೆ ನಾನು ಬರೋದಿಲ್ಲ. ನನಗೆ ನೆಂಟರ ಮನೆಗೆ ಹೋಗ್ಬೇಕು, ಪಹರೆಗಲ್ಲ."

ಅವನು ಹಾಗೆ ಗಟ್ಟಿಯಾಗಿ ಹೇಳುವುದು ಕಡಿಮೆ. ಅವಳು ಹಿಡಿಕೆ ಬಿಟ್ಟು ಬಂದಳು. ದಾರಿಯುದ್ದಕ್ಕೂ ಕೈ ಖಾಲಿ ಇದ್ದಂತೆ ಆಗುತ್ತಿತ್ತು ಎಂದು ಆಮೇಲೆ ನನಗೆ ಹೇಳಿದಳು.

ಹತ್ತು ಇಪ್ಪತ್ತಕ್ಕೆ ಯಲ್ಲಾಪುರ ಮುಟ್ಟಿದರು. ತಮ್ಮನ ಮನೆಗೆ ಒಂದಿಷ್ಟು ಸ್ವಿಚ್ಚು, ಹೋಲ್ಡರು ಬೇಕಿತ್ತು. ಹಾರ್ಡ್‌ವೇರ್ ಅಂಗಡಿಯ ಸೀತಾರಾಮ ಭಟ್ಟರು ಪರಿಚಯದವರು. ಅಂಗಡಿಯೆದುರು ಜಾಗ ಇಲ್ಲದೆ ಐವತ್ತು ಹೆಜ್ಜೆ ಆಚೆ, ಒಂದು ಚಾ ಅಂಗಡಿಯ ಎದುರು ವ್ಯಾನು ನಿಲ್ಲಿಸಿದಳು. ರಾಘು ಚಾ ಕುಡಿದು ಅಲ್ಲೇ ಕೂತಿರುತ್ತೇನೆ ಎಂದ. ಬಾಗಿಲಿಗೆ ಬರೀ ಕೀಲಿ ಹಾಕಿದಳು. ಸರಳಿಗೆ ಕೈ ಹೋಯಿತು, ಅವನು ನೋಡುತ್ತಿದ್ದ, ಕೈ ಹಿಂದೆ ತೆಗೆದಳು. ಸೀಟಿನಡಿಯ ಸ್ವಿಚ್ಚನ್ನೂ ಮುಟ್ಟಲಿಲ್ಲ.

ಅಂಗಡಿಯಲ್ಲಿ ಜನ ಇದ್ದರು. ಸಾಮಾನು ಕಟ್ಟಿಸಿಕೊಂಡು ಹೊರಗೆ ಬರುವಾಗ ಅರ್ಧ ತಾಸು ಆಗಿತ್ತು. ಚಾ ಅಂಗಡಿಯ ಎದುರು ಒಂದು ಬೈಕು ನಿಂತಿತ್ತು. ವ್ಯಾನು ಇರಲಿಲ್ಲ.

ಆ ಗಳಿಗೆಯನ್ನು ಅವಳು ಏಳು ವರ್ಷ ಮನಸ್ಸಿನಲ್ಲಿ ನಡೆಸಿ ನೋಡಿದ್ದಳು. ಕೂಗಲಿಲ್ಲ, ಓಡಲಿಲ್ಲ. ಮೊಬೈಲು ತೆಗೆದು ಕೆಂಪು ಗುಂಡಿ ಒತ್ತಿದಳು. ಒತ್ತಿದ ಮೇಲೆ ನಕಾಶೆ ನೋಡಿದಳು. ಚುಕ್ಕೆ ಯಲ್ಲಾಪುರ ದಾಟಿ ಅಂಕೋಲೆಯ ರಸ್ತೆಯಲ್ಲಿತ್ತು, ಇಡಗುಂದಿಗೆ ಸ್ವಲ್ಪ ಈಚೆ. ಅದೂ ಒಂಬತ್ತು ನಿಮಿಷದ ಹಿಂದಿನ ಜಾಗ. ಆಮೇಲೆ ನೆಟ್‌ವರ್ಕ್ ಇಲ್ಲದೆ ಚುಕ್ಕೆ ಕದಲಿರಲಿಲ್ಲ. ಕೆಳಗೆ, 'ಆದೇಶ ತಲುಪಿಲ್ಲ, ಕಾಯುತ್ತಿದೆ' ಎಂದು ಬರುತ್ತಿತ್ತು.

ರಾಘುವಿಗೆ ಹೇಳೋಣ ಎಂದು ಚಾ ಅಂಗಡಿಗೆ ಹೋದಳು. ಬೆಂಚು ಖಾಲಿ. ಅಂಗಡಿಯ ದುರ್ಗಮ್ಮ ಗ್ಲಾಸು ತೊಳೆಯುತ್ತಿದ್ದಳು.

"ನಮ್ಮ ಮನೆಯವ್ರು ಎಲ್ಲಿ?"

"ಅವ್ರು ಚಾ ಕುಡ್ದು ಆಗ್ಲೇ ಹೋದ್ರಲ್ಲ. ಸುಸ್ತಾಗ್ತದೆ, ಸ್ವಲ್ಪ ಮಲಗ್ತೇನೆ ಅಂದ್ರು. ಕಿಸೆಯಿಂದ ಕೀಲಿ ತೆಗ್ದು ವ್ಯಾನು ಹತ್ತಿದ್ರು." ದುರ್ಗಮ್ಮ ತಲೆಯೆತ್ತಿ ರಸ್ತೆ ನೋಡಿದಳು. "ಆಮೇಲೆ ಗಾಡಿ ಹೋಯ್ತು. ನೀವೇ ಬಂದು ಬಿಟ್ಟಿರಿ ಅಂದ್ಕಂಡೆ ನಾನು."

ಎರಡನೇ ಕೀಲಿ ರಾಘುವಿನ ಹತ್ತಿರ ಇರುತ್ತಿತ್ತು. ಫ್ಯಾನು ತಿರುಗಬೇಕಾದರೆ ಕೀಲಿ ಹಾಕಿ ಒಂದು ಸುತ್ತು ತಿರುಗಿಸಿಡಬೇಕು. ಅವನು ಹಾಗೆ ಮಾಡಿ, ಕೀಲಿ ಅಲ್ಲೇ ಬಿಟ್ಟು, ಹಿಂದೆ ಹೋಗಿ ಪರದೆ ಎಳೆದುಕೊಂಡು ಮಲಗಿದ್ದ. ಜಯಾ ಅವನ ನಂಬರಿಗೆ ಫೋನ್ ಹಚ್ಚಿದಳು. ರಿಂಗು ಕೇಳಿಸಿದ್ದು ಅವಳದೇ ಚೀಲದಿಂದ.

ಅಲ್ಲಿಂದ ಮುಂದಿನ ಮುಕ್ಕಾಲು ತಾಸನ್ನು ಅವಳು ನನಗೆ ಮೂರು ಸಲ ಹೇಳಿದ್ದಾಳೆ, ಮೂರು ಸಲವೂ ನಿಂತುಕೊಂಡೇ.

ಹಸಿರು ಗುಂಡಿ ಒತ್ತಿದಳು. ಅದೂ ಕಾಯುತ್ತಿದೆ ಎಂದಿತು. ಈಗ ಎರಡು ಆದೇಶ ಸಾಲಿನಲ್ಲಿ ನಿಂತಿದ್ದವು. ವ್ಯಾನು ಯಾವ ಜಾಗದಲ್ಲಿ ಒಂದಿಷ್ಟು ಸಿಗ್ನಲ್ ಸಿಗುತ್ತದೋ ಅಲ್ಲಿ ಮೊದಲು 'ನಿಲ್ಲು' ಹೋಗುತ್ತದೆ, ಒಂದೆರಡು ನಿಮಿಷ ಬಿಟ್ಟು 'ಬಿಡು' ಹೋಗುತ್ತದೆ. ಅಂಗಡಿಯ ಮುಂದೆ ಪರೀಕ್ಷೆ ಮಾಡುವಾಗ ಹಾಗೆ ಆದದ್ದು ಅವಳಿಗೆ ಗೊತ್ತಿತ್ತು. ಇಡಗುಂದಿ ದಾಟಿದರೆ ಅರಬೈಲ್ ಘಟ್ಟ. ತಿರುವಿನ ಮೇಲೆ ತಿರುವು, ಒಂದು ಬದಿ ಗುಡ್ಡ, ಇನ್ನೊಂದು ಬದಿ ಕೊಳ್ಳ, ಮುಂದೆ ಹಿಂದೆ ಅದಿರಿನ, ಕಟ್ಟಿಗೆಯ, ಗ್ಯಾಸಿನ ಲಾರಿಗಳು. ಇಳಿಜಾರಿನಲ್ಲಿ ಎಂಜಿನ್ ಸತ್ತರೆ ಸ್ಟೇರಿಂಗು ಬಿಗಿಯುತ್ತದೆ. ಬ್ರೇಕು ಎರಡು ಮೂರು ಸಲ ಹಿಡಿಯುತ್ತದೆ, ಆಮೇಲೆ ಕಲ್ಲು ಒದ್ದ ಹಾಗೆ.

ಸೀತಾರಾಮ ಭಟ್ಟರು ಅಂಗಡಿಯನ್ನು ಕೆಲಸದವರಿಗೆ ಬಿಟ್ಟು ತಮ್ಮ ಕಾರು ತೆಗೆದರು. ದಾರಿಯಲ್ಲೇ ಪೊಲೀಸರಿಗೆ ಫೋನು ಮಾಡಿದರು.

"ಭಟ್ರೇ, ನಾನು ಎಂಜಿನ್ ನಿಲ್ಲೋ ಹಾಗೆ ಒತ್ತಿಬಿಟ್ಟೆ."

"ಒಳ್ಳೇದೇ ಆಯ್ತು ಬಿಡಿ. ಇನ್ನು ಕಳ್ಳ ಎಲ್ಲಿಗೆ ಹೋಗ್ತಾನೆ?"

ಅವಳು ಮೊಬೈಲಿನ ಪರದೆ ಕತ್ತಲಾಗದ ಹಾಗೆ ಹೆಬ್ಬೆರಳಿನಿಂದ ಮುಟ್ಟುತ್ತಲೇ ಇದ್ದಳು. ಹನ್ನೊಂದು ನಾಲ್ಕಕ್ಕೆ ಕೆಂಪು ಸಾಲಿನೆದುರು 'ತಲುಪಿದೆ' ಎಂದು ಬಂತು. ಕಾರು ಆಗಿನ್ನೂ ಇಡಗುಂದಿಯ ಈಚೆಗಿತ್ತು. ಹನ್ನೊಂದು ಆರಕ್ಕೆ ಹಸಿರು ತಲುಪಿತು. ನಡುವೆ ಎರಡು ನಿಮಿಷ. ಆ ಎರಡು ನಿಮಿಷ ತಾನು ಏನು ಮಾಡಿದೆ ಎಂದು ಅವಳಿಗೆ ನೆನಪಿಲ್ಲ. ಭಟ್ಟರು ಹೇಳಿದ ಪ್ರಕಾರ, ಅವಳು ಕಾರಿನ ಬಾಗಿಲಿನ ಹಿಡಿಕೆ ತೆಗೆಯುತ್ತಾ ಹಾಕುತ್ತಾ ಇದ್ದಳು. ಅವರು ಒಂದು ಕೈಯಲ್ಲಿ ಅವಳ ತೋಳು ಹಿಡಿದುಕೊಂಡು ಗಾಡಿ ಓಡಿಸಿದರು.

ಘಟ್ಟದಲ್ಲಿ ನಾಲ್ಕನೆಯ ತಿರುವಿಗೆ ಲಾರಿಗಳ ಸಾಲು ನಿಂತಿತ್ತು. ಅವಳು ಇಳಿದು ಲಾರಿಗಳ ಸಂದಿಯಲ್ಲಿ ಕೆಳಗೆ ಓಡಿದಳು. ನಿಂತ ಡ್ರೈವರುಗಳು ಏನೋ ಹೇಳಿದರು, ಯಾವುದೂ ಕಿವಿಗೆ ಬೀಳಲಿಲ್ಲ. ವ್ಯಾನು ಗುಡ್ಡದ ಬದಿಯ ಚರಂಡಿಗೆ ಎರಡು ಚಕ್ರ ಇಳಿಸಿ ವಾಲಿಕೊಂಡಿತ್ತು. ಮೂತಿ ಮಣ್ಣಿಗೆ ಒತ್ತಿ ಒಂದು ದೀಪ ಒಡೆದಿತ್ತು. ಹಿಂದಿನ ಬಾಗಿಲು ತೆರೆದು ಪಾತ್ರೆಗಳು ರಸ್ತೆಗೆ ಬಿದ್ದಿದ್ದವು. ಆಚೆ, ಒಂದು ಕಲ್ಲಿನ ಮೇಲೆ ರಾಘು ಕೂತಿದ್ದ. ಯಾರೋ ಲಾರಿಯವನು ತನ್ನ ಟವೆಲು ಅವನ ಹಣೆಗೆ ಒತ್ತಿ ಹಿಡಿದಿದ್ದ.

ಅವಳನ್ನು ಕಂಡು ಅವನು ಹೇಳಿದ ಮೊದಲ ಮಾತು, "ನೀನು ಹೇಗೆ ಬಂದೆ?"

ಅವಳು ಅವನ ಕೈ, ಕಾಲು, ಪಕ್ಕೆ ಮುಟ್ಟಿ ಮುಟ್ಟಿ ನೋಡಿದಳು. ಹಣೆಯ ಗಾಯ ಬಿಟ್ಟರೆ ಬೇರೇನೂ ಆಗಿರಲಿಲ್ಲ.

ನಡೆದದ್ದನ್ನು ಅವನು ಯಲ್ಲಾಪುರದ ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಹಾಕಿಸಿಕೊಂಡ ಮೇಲೆ ಹೇಳಿದ. ಗಾಡಿ ಹೊರಟಾಗ ಅವಳೇ ಓಡಿಸುತ್ತಿದ್ದಾಳೆ ಎಂದುಕೊಂಡು ಕಣ್ಣು ಮುಚ್ಚಿಕೊಂಡೇ ಇದ್ದ. ಸುಮಾರು ಹೊತ್ತಿನ ಮೇಲೆ ಅನುಮಾನ ಬಂತು.

"ನೀನು ಮೂರನೇ ಗೇರಿಗೆ ಹಾಕೋವಾಗ ಸ್ವಲ್ಪ ತಡೀತೀಯ. ಅವ ತಡೀಲಿಲ್ಲ. ಗಾಡಿ ಗೊತ್ತಿದ್ದವನ ಕೈ."

ಪರದೆ ಸರಿಸಿದರೆ ಮುಂದೆ ಟೊಪ್ಪಿ ಹಾಕಿದ ಒಬ್ಬ. ಆಗಲೇ ಘಟ್ಟ ಶುರುವಾಗಿತ್ತು. ಯಾರೋ ನೀನು ಎಂದ ರಾಘು. ಆ ಮನುಷ್ಯ ಬೆಚ್ಚಿಬಿದ್ದು ಸ್ಟೇರಿಂಗು ಅಲ್ಲಾಡಿಸಿದ. ಹಿಂದೆ ಜೀವ ಇದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. "ಕಾಕಾ, ಸುಮ್ನ ಕುಂದರ್ರಿ. ಘಟ್ಟ ಇಳಿದ ಮ್ಯಾಲೆ ನಿಮ್ಮನ್ನ ಇಳಿಸಿ ಹೋಗ್ತೀನಿ," ಎಂದ. ಹಾನಗಲ್ಲು ಕಡೆಯ ಮಾತು. ರಾಘು ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡು ಕೂತ. ಒಂದು ತಿರುವು ದಾಟಿದರು. ಆಗ ಎಂಜಿನ್ನಿನ ಸದ್ದು ಒಮ್ಮೆಲೇ ಹೋಯಿತು.

ಆ ಮನುಷ್ಯ ಎಲ್ಲ ಡ್ರೈವರುಗಳೂ ಮಾಡುವುದನ್ನೇ ಮಾಡಿದ. ಕ್ಲಚ್ಚು ಒತ್ತಿ ಕೀಲಿ ತಿರುಗಿಸಿ ಮತ್ತೆ ಸ್ಟಾರ್ಟ್ ಮಾಡಲು ನೋಡಿದ. ಹತ್ತಲಿಲ್ಲ. ಕ್ಲಚ್ಚು ಒತ್ತಿದ್ದರಿಂದ ಚಕ್ರಕ್ಕೆ ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ಇಳಿಜಾರಿಗೆ ಓಡತೊಡಗಿತು. ಬ್ರೇಕು ಒದ್ದ, ಹಿಡಿಯಿತು. ಮತ್ತೆ ಒದ್ದ, ಅರ್ಧ ಹಿಡಿಯಿತು. ಮೂರನೇ ಸಲ ಗಟ್ಟಿ.

"ನಾನು 'ಕ್ಲಚ್ ಬಿಡು, ಎರಡನೇ ಗೇರು ಹಾಕು' ಅಂದೆ. ಅವನಿಗೆ ನನ್ನ ಮಾತು ತಿಳೀಲಿಲ್ಲ. ಏನ್ರಿ, ಏನ್ರಿ ಅಂತಾನೆ. ಎದುರು ಲಾರಿ ಬರ್ತಿದೆ. ಇನ್ನೊಂದ್ಸಲ ಹೇಳ್ದೆ. ಮೂರನೇ ಸಲಕ್ಕೆ ತಿಳೀತು."

ಅವನು ಕ್ಲಚ್ಚು ಬಿಟ್ಟು ಗೇರು ತುರುಕಿದ. ಗಾಡಿ ಕಿರುಚಿಕೊಂಡು ತಡೆಯಿತು. ರಾಘು ಸೀಟುಗಳ ನಡುವೆ ಬಲಗೈ ಚಾಚಿ ಹ್ಯಾಂಡ್‌ಬ್ರೇಕು ಎಳೆದ, ಗುಡ್ಡಕ್ಕೆ ತಿರುಗಿಸು ಎಂದ. ಆ ಮನುಷ್ಯ ಎರಡೂ ಕೈಯಲ್ಲಿ ಸ್ಟೇರಿಂಗಿಗೆ ಜೋತುಬಿದ್ದು ಚರಂಡಿಗೆ ಇಳಿಸಿದ. ರಾಘುವಿನ ಹಣೆ ಕಪಾಟಿನ ಮೂಲೆಗೆ ತಾಗಿತು. ಅವನು ರಾಘುವನ್ನು ಎತ್ತಿ ಹೊರಗೆ ಕೂರಿಸಿ, ಲಾರಿಗಳು ನಿಲ್ಲುತ್ತಿದ್ದಂತೆ ಕಾಡಿಗೆ ಇಳಿದು ಹೋದ. ನಾಲ್ಕನೇ ದಿನ ಅಂಕೋಲೆಯಲ್ಲಿ ಸಿಕ್ಕಿಬಿದ್ದ. ಮೊದಲು ಲಾರಿ ಓಡಿಸುತ್ತಿದ್ದವನಂತೆ.

ಎಂಜಿನ್ ಹೇಗೆ ನಿಂತಿತು ಎಂದು ರಾಘು ಹೇಳಲಿಲ್ಲ. ಜಯಾ ಕೇಳಲಿಲ್ಲ.

ಭಟ್ಟರು ತಾವು ಕಂಡದ್ದನ್ನು ಸಂತೋಷದಿಂದ ನಾಲ್ಕು ಜನರಿಗೆ ಹೇಳಿದ್ದರು. ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಮೊಬೈಲಿನಿಂದಲೇ ಗಾಡಿ ನಿಲ್ಲಿಸಿ ಗಂಡನನ್ನೂ ವಾಹನವನ್ನೂ ಉಳಿಸಿಕೊಂಡ ಮಹಿಳೆ ಎಂದು ಬರೆದಿದ್ದರು. ಶಿರಸಿಯ ವಾಟ್ಸಾಪ್ ಗುಂಪುಗಳಲ್ಲೆಲ್ಲ ಅದೇ. ಅಂಗಡಿಗೆ ಜನ ಬರತೊಡಗಿದರು. ನಮ್ಮ ಟೆಂಪೋಗೂ ಹಾಕಿಕೊಡಿ, ಜೆಸಿಬಿಗೂ ಆಗ್ತದಾ, ಸಿದ್ದಾಪುರಕ್ಕೇ ಬಂದು ಮೂರು ಗಾಡಿಗೆ ಹಾಕಿ ಹೋಗಿ. ಅವಳು ಸಾಮಾನು ಇಲ್ಲ ಎಂದು ಕಳಿಸುತ್ತಿದ್ದಳು. ಸಾಮಾನು ಕಪಾಟಿನಲ್ಲಿತ್ತು. ಸ್ಟೂಲಿನ ಮೇಲೆ ಕೂತ ರಾಘುವಿಗೆ ಅದು ಕಾಣುತ್ತಿತ್ತು.

ಅವಳಿಗೆ ಊಟ ಸೇರುತ್ತಿರಲಿಲ್ಲ. ತಮ್ಮನ ಗೃಹಪ್ರವೇಶದ ಪ್ರಸಾದ ತಂದುಕೊಟ್ಟವರು ಎದುರಿಗೇ ಅವಳನ್ನು ಹೊಗಳಿದಾಗ ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಳಂತೆ. ಮೊಬೈಲಿನಲ್ಲಿ ಆ ಎರಡು ಸಾಲು ಇನ್ನೂ ಇದ್ದವು, ಹನ್ನೊಂದು ನಾಲ್ಕು, ಹನ್ನೊಂದು ಆರು. ಅಳಿಸಲು ಕೈ ಬರಲಿಲ್ಲ, ತೋರಿಸಲೂ ಇಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ಅವಳು ರಾಘುವಿನ ಬಲಗೈ ಉಗುರು ತೆಗೆಯುತ್ತಿದ್ದಳು. ಎಡಗೈಯಲ್ಲಿ ಕತ್ತರಿ ಹಿಡಿಯಲಾಗದ್ದರಿಂದ ವಾರಕ್ಕೊಮ್ಮೆ ಅದು ಅವಳ ಕೆಲಸ. ಕಿರುಬೆರಳಿಗೆ ಬಂದಾಗ ನಿಲ್ಲಿಸಿದಳು.

"ಎಂಜಿನ್ ನಿಲ್ಸಿದ್ದು ನಾನು. ನೀವು ಒಳಗಿದ್ದೀರಿ ಅಂತ ಗೊತ್ತಿರಲಿಲ್ಲ."

"ಗೊತ್ತು."

"ಏನು ಗೊತ್ತು?"

"ಎಂಜಿನ್ ಕೆಟ್ಟು ನಿಲ್ಲೋದಕ್ಕೂ ಡೀಸೆಲ್ ಕಟ್ಟಾಗಿ ನಿಲ್ಲೋದಕ್ಕೂ ಸದ್ದು ಬೇರೆ. ಮೂವತ್ತು ವರ್ಷ ಕೇಳಿದ್ದೀನಿ. ಅಲ್ಲಿ, ಗಾಡೀಲೇ ಗೊತ್ತಾಯ್ತು ನನಗೆ."

"ಮತ್ತೆ ಯಾಕೆ ಇಷ್ಟು ದಿನ ಏನೂ ಹೇಳ್ಲಿಲ್ಲ?"

"ನೀನು ಹೇಳ್ತೀಯೋ ಇಲ್ವೋ ನೋಡ್ದೆ. ಪೇಪರ್ನಲ್ಲಿ ಬಂದ ದಿನ ನೀನು ಹೇಳೋದಿಲ್ಲ ಅಂತಾನೇ ಅಂದ್ಕೊಂಡೆ."

ಅವಳು ಅವನ ಕೈ ಬಿಟ್ಟು ಗೋಡೆಗೆ ಒರಗಿ ಕೂತಳು. ಅವನು ಸಿಟ್ಟಾಗಿದ್ದರೆ ಸುಲಭ ಇತ್ತು. ಸಿಟ್ಟಾಗಲಿಲ್ಲ. ಒಂದು ಬೆರಳಿನ ಉಗುರು ಉಳಿದಿದೆ ಎಂದು ಕೈ ಮುಂದೆ ಮಾಡಿದ. ಅವಳು ತೆಗೆದಳು. ಆಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಆ ಹನ್ನೊಂದು ಗಾಡಿಯವರಿಗೆ ಇದು ಇಳಿಜಾರಲ್ಲಿ ಏನು ಮಾಡ್ತದೆ ಅಂತ ಹೇಳಿದ್ದೀಯಾ?"

ಹೇಳಿರಲಿಲ್ಲ. ಅವಳೇ ಯೋಚಿಸಿರಲಿಲ್ಲ. ಕಳ್ಳನನ್ನು ನಿಲ್ಲಿಸುವುದು ಹೇಗೆ ಎಂದಷ್ಟೇ ಏಳು ವರ್ಷ ಯೋಚಿಸಿದ್ದಳು. ನಿಲ್ಲುವ ಗಾಡಿಯ ಒಳಗೆ, ಎದುರಿಗೆ ಯಾರಿರಬಹುದು ಎಂದು ಒಂದು ದಿನವೂ ತಲೆಗೆ ಬಂದಿರಲಿಲ್ಲ.

ಅಂದೇ ಅಂಗಡಿಯಲ್ಲಿ ಇಬ್ಬರೂ ಕೂತು ಹೊಸ ದಾರಿ ಮಾಡಿದರು. ರಿಲೇಯನ್ನು ಡೀಸೆಲಿನ ತಂತಿಯಿಂದ ತೆಗೆದು ಸೆಲ್ಫ್ ಮೋಟಾರಿನ ತಂತಿಗೆ ಕೊಟ್ಟರು. ಓಡುವ ಗಾಡಿ ಓಡುತ್ತಲೇ ಇರುತ್ತದೆ. ಎಲ್ಲಾದರೂ ಒಮ್ಮೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಕಳ್ಳ ಸ್ವಲ್ಪ ದೂರ ಹೋಗಬಹುದು, ಹೋಗಲಿ. ವ್ಯಾನು ಇನ್ನೂ ಗ್ಯಾರೇಜಿನಲ್ಲಿತ್ತು. ಜಯಾ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಒಂದೊಂದು ಗಾಡಿಯ ಮನೆಗೂ ಹೋಗಿ, ಎದುರು ನಿಂತು, ನಾನು ತಪ್ಪು ಮಾಡಿಕೊಟ್ಟಿದ್ದೇನೆ ಎಂದು ಹೇಳುವುದು. ಪೇಪರಿನಲ್ಲಿ ಫೋಟೋ ನೋಡಿದವರಿಗೆ ಅದನ್ನು ಅರ್ಥಮಾಡಿಸುವುದೇ ಒಂದು ಕೆಲಸ.

ಹೆಗಡೆಕಟ್ಟಾದ ದೇವರು ಹೆಗಡೆಯವರು ಮೊದಲು ಒಪ್ಪಲೇ ಇಲ್ಲ. ಯಾರ ಹತ್ತಿರವೂ ಮನೆಮಾತನ್ನೇ ಆಡುವವರು ಅವರು. ಜೀಪಿನ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು, "ಎಂತಕ್ಕೆ ತೆಗೆಯವು? ಕಳ್ಳ ತಗಂಡು ಹೋದ್ರೆ ಅಲ್ಲೇ ನಿಲ್ಲವು ಹೇಳೇ ಆನು ಹಾಕ್ಸಿದ್ದು," ಎಂದರು. ಯಾಕೆ ತೆಗೆಯಬೇಕು, ಕಳ್ಳ ಒಯ್ದರೆ ಅಲ್ಲೇ ನಿಲ್ಲಬೇಕೆಂದೇ ನಾನು ಹಾಕಿಸಿದ್ದು ಎಂಬುದು ಅವರ ವಾದ.

ಜಯಾ ಘಟ್ಟದ ಕತೆಯನ್ನು ಪೇಪರಿನಲ್ಲಿ ಬಂದಂತೆ ಅಲ್ಲದೆ, ನಡೆದಂತೆ ಹೇಳಿದಳು. ಅವರು ಕೇಳಿ, "ನಮ್ಮ ಜೀಪು ಘಟ್ಟ ಇಳಿತಿಲ್ಲೆ," ಎಂದರು. ಜಗಲಿಯಲ್ಲಿ ಕಾಳುಮೆಣಸು ಹರವುತ್ತಿದ್ದ ಅವರ ಹೆಂಡತಿ ಸೀತಮ್ಮ ಎದ್ದು ಬಂದರು.

"ಆನು ಒಳಗೆ ಮಲಗಿದ್ದಿ ಹೇಳಿ ತಿಳ್ಕಳಿ. ಆಗ ಎಂತ ಮಾಡ್ತ್ರಿ?"

"ನೀ ಎಂತಕ್ಕೆ ಜೀಪಲ್ಲಿ ಮಲಗ್ತೆ?"

"ರಾಘು ಎಂತಕ್ಕೆ ಮಲಗಿದ್ದ?"

ಹೆಗಡೆಯವರು ಬಾನೆಟ್ಟಿನಿಂದ ಕೈ ತೆಗೆದರು. ಸೀತಮ್ಮ ಜಯಾಳಿಗೆ ಕುಡಿಯಲು ಆಸರಿಗೆ ತಂದುಕೊಟ್ಟು, ಕೆಲಸ ಮುಗಿಯುವವರೆಗೂ ಪಕ್ಕದಲ್ಲೇ ನಿಂತಿದ್ದರು.

ಎಲ್ಲ ಕಡೆ ಹೀಗಾಗಲಿಲ್ಲ. ಸಿದ್ದಾಪುರದಲ್ಲಿ ಒಬ್ಬರು, ಎರಡು ವರ್ಷ ನಮ್ಮ ಮಕ್ಕಳನ್ನು ಇದರಲ್ಲೇ ಶಾಲೆಗೆ ಬಿಟ್ಟಿದ್ದೀನಲ್ಲ ಎಂದು ಜೋರಾಗಿ ಬೈದರು. ಅವಳು ಬೈಸಿಕೊಂಡು ತಂತಿ ಬದಲಿಸಿ ಬಂದಳು. ಬನವಾಸಿ ರಸ್ತೆಯ ಒಂದು ಗಾಡಿಯಲ್ಲಿ ರಿಲೇ ಆಗಲೇ ಸಡಿಲಾಗಿ, ದೊಡ್ಡ ಗುಂಡಿ ಹಾರಿದಾಗಲೆಲ್ಲ ಎಂಜಿನ್ ಒಮ್ಮೊಮ್ಮೆ ಮಿಡುಕುತ್ತಿತ್ತು. ಅದನ್ನು ಕಂಡ ದಿನ ಮನೆಗೆ ಬಂದವಳು ಚಪ್ಪಲಿ ಬಿಚ್ಚದೆ ಅಂಗಳದಲ್ಲಿ ಸುಮಾರು ಹೊತ್ತು ಓಡಾಡಿದಳು.

ಮೇ ತಿಂಗಳ ಕೊನೆಗೆ ಹತ್ತು ಗಾಡಿಗಳು ಮುಗಿದವು. ಅವರ ವ್ಯಾನೂ ರಿಪೇರಿಯಾಗಿ ಬಂತು. ಹೊಸ ದೀಪದ ಬಣ್ಣ ಹಳೆಯದಕ್ಕಿಂತ ಸ್ವಲ್ಪ ಬಿಳುಪು. ಮಳೆ ಹಿಡಿಯುವ ಮೊದಲು ಒಮ್ಮೆ ಯಲ್ಲಾಪುರಕ್ಕೆ ಹೋಗಿ ಭಟ್ಟರಿಗೂ ದುರ್ಗಮ್ಮನಿಗೂ ಮುಖ ತೋರಿಸಿ ಬಂದರು. ಸಾತೊಡ್ಡಿ ಜಲಪಾತಕ್ಕೂ ಹೋದರು. ಜಯಾ ಸರಳು ಹಾಕಿ, ಗೇರಿಗೆ ಬೀಗ ಹಾಕಿ, ಈ ಸಲ ರಾಘುವಿನ ಜತೆ ನೀರಿನವರೆಗೂ ನಡೆದಳು. ಐದು ನಿಮಿಷ ನಿಂತಳು. ಆಮೇಲೆ, ಹೋಗ್ವ ಎಂದು ಅವನ ತೋಳು ಎಳೆದಳು. ಐದು ನಿಮಿಷವಾದರೂ ನಿಂತಳಲ್ಲ ಎಂದು ರಾಘು ನನಗೆ ಹೇಳಿದ.

ಹನ್ನೊಂದನೆಯದು ಸಿಕ್ಕಿಲ್ಲ. ಅದೂ ಒಂದು ವ್ಯಾನು, ಬಿಳಿ ಬಣ್ಣದ್ದು. ಸಿದ್ದಾಪುರದ ಒಬ್ಬರು ಕಳೆದ ವರ್ಷ ಅದನ್ನು ಏಜೆಂಟನ ಮೂಲಕ ಮಾರಿದ್ದರು. ಏಜೆಂಟ ಹಾವೇರಿಯವರಿಗೆ ಕೊಟ್ಟೆ ಎಂದ, ಹಾವೇರಿಯವರು ಹುಬ್ಬಳ್ಳಿಗೆ ಹೋಯಿತು ಎಂದರು. ಹುಬ್ಬಳ್ಳಿಯ ನಂಬರು ಎರಡು ತಿಂಗಳಿಂದ ಹತ್ತುತ್ತಿಲ್ಲ. ಆ ಡಬ್ಬಿಯ ಸಿಮ್ಮಿಗೆ ಯಾರೂ ಹಣ ಹಾಕದೆ ಅದು ಸತ್ತಿರಬಹುದು, ಹಾಗಿದ್ದರೆ ಭಯ ಕಡಿಮೆ ಎಂದು ರಾಘು ಹೇಳುತ್ತಾನೆ. ರಿಲೇ ಸಡಿಲಾಗಿದ್ದರೆ, ಎಂದು ಜಯಾ ಕೇಳುತ್ತಾಳೆ.

ಇದನ್ನೆಲ್ಲ ಬರೆಯಲೇ ಎಂದು ಕಳೆದ ವಾರ ಕೇಳಿದೆ. ಬ್ಯಾಟರಿಗೆ ವೈರು ಸಿಕ್ಕಿಸುತ್ತಿದ್ದವಳು ಕೈ ಒರೆಸಿಕೊಂಡು ಎದ್ದು ಹೊರಗೆ ಹೋದಳು. ರಸ್ತೆಯಲ್ಲಿ ಒಂದು ಬಿಳಿ ವ್ಯಾನು ಹೋಗುತ್ತಿತ್ತು. ಹಿಂದಿನ ಗಾಜು ನೋಡಿ ಒಳಗೆ ಬಂದಳು.

"ಬರೀರಿ. ಆ ಹನ್ನೊಂದನೇ ಗಾಡಿಯ ಹಿಂದಿನ ಗಾಜಿನ ಬಲಗಡೆ ಕೆಳಗೆ ಒಂದು ಬಿರುಕಿದೆ, ಅದಕ್ಕೆ ಹಳದಿ ಟೇಪು ಹಚ್ಚಿದ್ದಾರೆ. ಅದನ್ನೂ ಬರೀರಿ. ಯಾರ ಹತ್ತಿರ ಇದ್ರೂ ಒಮ್ಮೆ ತರ್ಲಿ. ತರೋದಕ್ಕೆ ಆಗದಿದ್ರೆ ಎಲ್ಲಿದೆ ಅಂತ ಹೇಳ್ಲಿ, ನಾನೇ ಹೋಗ್ತೇನೆ."